ಕೊಲ್ಲೇರಿನ ಮೀನಿನ ಹೊಂಡ ಬಿಟ್ಟುಕೊಡುವಾಗ: ಕಾಗದ ಮೊದಲು, ಏರಿ ಕೊನೆಗೆ

ಪ್ರಶ್ನೆ: ನಾವು ಗಂಗಾವತಿ ಸಮೀಪದ ಕ್ಯಾಂಪಿನವರು. ಅಮ್ಮನ ತವರು ಆಂಧ್ರದ ಕೈಕಲೂರು ಕಡೆ. ಅಜ್ಜನ ಹೆಸರಿನಲ್ಲಿ ಅಲ್ಲಿ 12 ಎಕರೆ ಜಿರಾಯತಿ, ಎಂದರೆ ಪೂರ್ಣ ಒಡೆತನದ ಖಾಸಗಿ, ಜಮೀನಿದೆ. ಅದು ಕೊಲ್ಲೇರು ಅಭಯಾರಣ್ಯದ ಐದನೇ ಕಾಂಟೂರಿನ ಒಳಗೆ ಬರುತ್ತದೆ. ಈಗ ಇಡೀ ಜಮೀನು ಒಂದೇ ಮೀನಿನ ಹೊಂಡ. ಲೀಸಿಗೆ ಕೊಟ್ಟಿದ್ದೇವೆ, ಫೆಬ್ರುವರಿಗೆ ಅವಧಿ ಮುಗಿಯುತ್ತದೆ. ಇನ್ನು ಲೀಸ್ ಬೇಡ, ಸರೋವರಕ್ಕೇ ಬಿಟ್ಟುಕೊಡೋಣ ಎಂದು ಅಮ್ಮ, ಸೋದರಮಾವ ಇಬ್ಬರೂ ಒಪ್ಪಿದ್ದಾರೆ. ನಮಗೆ ಹಣ ಬರುತ್ತದೆಯೇ? ಯಾರಿಗೆ ಕೊಡಬೇಕು? ಏರಿ ಒಡೆದು ನೀರು ಬಿಟ್ಟರೆ ಹಕ್ಕಿಗಳ ಜಾಗ ತಾನಾಗಿಯೇ ಆಗುತ್ತದೆಯೇ, ಇಲ್ಲ ಬೇರೆ ಕೆಲಸವಿದೆಯೇ?

ಉತ್ತರ: ಬಿಟ್ಟುಕೊಡಬಹುದು, ಜಿರಾಯತಿ ಜಮೀನಾದ್ದರಿಂದ ಪರಿಹಾರ ಕೇಳುವ ಹಕ್ಕೂ ನಿಮಗಿದೆ. ಆದರೆ ಎರಡು ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಒಂದು, ‘ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇವೆ’ ಎಂದು ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕುವುದು. ಇನ್ನೊಂದು, ಹಿಟಾಚಿ ತರಿಸಿ ಏರಿ ಒಡೆಸುವುದು. ಮೊದಲನೆಯದರಿಂದ ಪರಿಹಾರದ ಹಕ್ಕು ಕೈತಪ್ಪುತ್ತದೆ. ಎರಡನೆಯದರಿಂದ ಸರೋವರಕ್ಕೆ ಒಳ್ಳೆಯದಾಗುವ ಬದಲು ಕೆಟ್ಟದ್ದೂ ಆಗಬಹುದು. ಹೇಗೆಂದು ಮುಂದೆ ಬಿಡಿಸಿ ಹೇಳುತ್ತೇವೆ.

ನಿಮ್ಮ ಜಮೀನು ಎಲ್ಲಿದೆ ಎಂಬುದರಿಂದಲೇ ಶುರುಮಾಡೋಣ. ಕೊಲ್ಲೇರು ಕೃಷ್ಣಾ ಮತ್ತು ಗೋದಾವರಿ ಮುಖಜಭೂಮಿಗಳ ನಡುವಿನ ತಗ್ಗು. ಬುಡಮೇರು, ತಮ್ಮಿಲೇರು, ರಾಮಿಲೇರು ಹಳ್ಳಗಳ ನೀರು, ಅದರ ಜೊತೆಗೆ ಹತ್ತಾರು ಬಸಿಗಾಲುವೆಗಳ ನೀರು ಇಲ್ಲಿಗೆ ಬಂದು ಬೀಳುತ್ತದೆ. ಹೊರಗೆ ಹೋಗುವ ದಾರಿ ಉಪ್ಪುಟೇರು ಒಂದೇ. ಮಳೆಗಾಲದಲ್ಲಿ ಸರೋವರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೀಗಾಗಿ ಅದರ ಗಡಿಯನ್ನು ಸಮುದ್ರಮಟ್ಟದಿಂದ ಎಷ್ಟು ಅಡಿ ಎತ್ತರ ಎಂಬ ಲೆಕ್ಕದಲ್ಲಿ ಹೇಳುವ ರೂಢಿ. ಐದು ಅಡಿ ಮಟ್ಟದ ಗೆರೆಯ, ಎಂದರೆ ಐದನೇ ಕಾಂಟೂರಿನ, ಒಳಗಿನ 308 ಚದರ ಕಿಲೋಮೀಟರನ್ನು, ಎಂದರೆ ಸುಮಾರು 76 ಸಾವಿರ ಎಕರೆಯನ್ನು, 1999ರ ಅಕ್ಟೋಬರಿನಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು. ಹತ್ತನೇ ಕಾಂಟೂರಿನವರೆಗಿನ 901 ಚದರ ಕಿಲೋಮೀಟರ್ 2002ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಐದನೇ ಕಾಂಟೂರಿನ ಒಳಗೆ ಹೆಚ್ಚಿನದು ಸರ್ಕಾರಿ ಭೂಮಿ. ಸುಮಾರು 15 ಸಾವಿರ ಎಕರೆ ನಿಮ್ಮಂಥವರ ಜಿರಾಯತಿ, ಐದು ಸಾವಿರಕ್ಕೂ ಹೆಚ್ಚು ಎಕರೆ ಡಿ-ಫಾರಂ ಪಟ್ಟಾ, ಎಂದರೆ ನಮ್ಮ ಕಡೆಯ ಮಂಜೂರಾತಿ ಜಮೀನಿನಂಥದ್ದು.

ಈ ಮೂರರ ವ್ಯತ್ಯಾಸ ಮುಖ್ಯ. ಸರ್ಕಾರಿ ಭೂಮಿಯಲ್ಲಿ ಏರಿ ಕಟ್ಟಿದವರಿಗೆ ಜಮೀನಿನ ಬೆಲೆ ಕೇಳುವ ದಾರಿಯಿಲ್ಲ. ಜಿರಾಯತಿಗೆ ಪೂರ್ತಿ ಹಕ್ಕಿದೆ. ಡಿ-ಫಾರಂ ಜಮೀನು ಪರಭಾರೆಗೆ ನಿರ್ಬಂಧ ಇರುವಂಥದ್ದು. ಆದರೂ ಸರ್ಕಾರ ಅದನ್ನು ಸಾರ್ವಜನಿಕ ಉದ್ದೇಶಕ್ಕೆ ತಿರುಗಿ ಪಡೆಯುವಾಗ ಪಟ್ಟಾದಾರರಿಗೂ ಪೂರ್ಣ ಮಾಲೀಕರಂತೆಯೇ ಪರಿಹಾರ ಸಲ್ಲಬೇಕು ಎಂದು ಆಂಧ್ರ ಹೈಕೋರ್ಟಿನ ವಿಸ್ತೃತ ಪೀಠ 2004ರಲ್ಲಿ ಹೇಳಿದೆ. ಅಕ್ಕಪಕ್ಕದ ಹೊಂಡಗಳು ಡಿ-ಫಾರಂ ಆಗಿದ್ದರೆ ಆ ಕುಟುಂಬಗಳಿಗೆ ಈ ವಿಷಯ ತಿಳಿಸಿ. ಎಷ್ಟೋ ಜನ ತಮಗೆ ಏನೂ ಸಿಗುವುದಿಲ್ಲ ಎಂದುಕೊಂಡು ಹೆದರಿ, ಬಂದಷ್ಟಕ್ಕೆ ಮಧ್ಯವರ್ತಿಗಳಿಗೆ ಕೈಬರಹದ ಕರಾರು ಮಾಡಿಕೊಡುತ್ತಾರೆ.

ಕಾನೂನಿನಲ್ಲಿ ನೀವು ಮೊದಲು ಓದಬೇಕಾದದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 20ನೇ ಕಲಂ. ಅಭಯಾರಣ್ಯ ಮಾಡುವ ಉದ್ದೇಶದ ಅಧಿಸೂಚನೆ ಹೊರಟ ಮೇಲೆ ಆ ಎಲ್ಲೆಯೊಳಗೆ ಉತ್ತರಾಧಿಕಾರದಿಂದ ಅಥವಾ ಮರಣಶಾಸನದಿಂದ ಬಂದದ್ದನ್ನು ಬಿಟ್ಟು ಬೇರೆ ಯಾವ ಹೊಸ ಹಕ್ಕೂ ಹುಟ್ಟುವುದಿಲ್ಲ. ಅಜ್ಜನಿಂದ ನಿಮ್ಮ ಅಮ್ಮನಿಗೆ, ಮಾವನಿಗೆ ಬಂದ ಹಕ್ಕು ಗಟ್ಟಿ. ಆದರೆ ಇದೇ ಜಮೀನನ್ನು ಇಂದು ಯಾರಿಗಾದರೂ ಮಾರಿದರೆ ಕೊಂಡವರ ಹಕ್ಕು ಪ್ರಶ್ನೆಗೆ ಒಳಗಾಗುತ್ತದೆ. ಹೊಸ ಲೀಸಿಗೂ ಅದೇ ಮಾತು. ‘ಕಾಂಟೂರು ಮೂರಕ್ಕೆ ಇಳಿಯುತ್ತದಂತೆ, ಈಗಲೇ ಕೊಟ್ಟುಬಿಡಿ’ ಎಂದು ಬರುವವರನ್ನು ದೂರವಿಡಿ. ಮೂರಕ್ಕೆ ಇಳಿಸಬೇಕೆಂದು ಆಂಧ್ರ ವಿಧಾನಸಭೆ 2008ರಲ್ಲಿ ನಿರ್ಣಯ ಮಾಡಿದ್ದು ನಿಜ. ಆಮೇಲೆ ಕೇಂದ್ರ ಪರಿಸರ ಸಚಿವಾಲಯ ನೇಮಿಸಿದ ಪಿ.ಎ. ಅಜೀಜ್ ಅಧ್ಯಕ್ಷತೆಯ ತಜ್ಞರ ಸಮಿತಿ ಐದನ್ನೇ ಉಳಿಸಬೇಕೆಂದು ಶಿಫಾರಸು ಮಾಡಿತು. ಅಭಯಾರಣ್ಯದ ಗಡಿ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಕೊಲ್ಲೇರಿನ ವಿಷಯ ಸುಪ್ರೀಂ ಕೋರ್ಟಿನ ಮುಂದೆಯೂ ಮತ್ತೆ ಮತ್ತೆ ಬಂದಿದೆ. ಗಾಳಿಮಾತು ನಂಬಿ ಕೊಡಲೂಬೇಡಿ, ಕಾದು ಕೂರಲೂಬೇಡಿ.

ಈಗ ಕಾಗದಗಳು. ಅಲ್ಲಿನ ಅಡಂಗಲ್ ಎಂದರೆ ನಮ್ಮ ಪಹಣಿಯಂತೆ, 1-ಬಿ ಎಂದರೆ ಖಾತೆಯಂತೆ, ಎಫ್‌ಎಂಬಿ ಎಂದರೆ ಸರ್ವೆ ನಂಬರಿನ ಅಳತೆಯ ನಕ್ಷೆ. ಅಡಂಗಲ್, 1-ಬಿ ಎರಡೂ ‘ಮೀಭೂಮಿ’ ಜಾಲತಾಣದಲ್ಲಿ ಸಿಗುತ್ತವೆ. 30 ವರ್ಷದ ಋಣಭಾರ ಪತ್ರ ತೆಗೆಸಿ. ಹಿಂದೆ ಯಾರಾದರೂ ಹೊಂಡದ ಮೇಲೆ ಸಾಲ ಎತ್ತಿದ್ದರೆ ಅಲ್ಲಿ ಕಾಣುತ್ತದೆ. ಜಮೀನು ಇನ್ನೂ ಅಜ್ಜನ ಹೆಸರಿನಲ್ಲೇ ಇದೆ ಎಂದು ಬರೆದಿದ್ದೀರಿ. ಕುಟುಂಬ ಸದಸ್ಯರ ಪ್ರಮಾಣಪತ್ರ ಕೊಟ್ಟು ಎಲ್ಲ ವಾರಸುದಾರರ ಹೆಸರಿಗೆ ಮ್ಯುಟೇಶನ್, ಎಂದರೆ ಖಾತೆ ಬದಲಾವಣೆ, ಮಾಡಿಸುವುದು ಮೊದಲ ಕೆಲಸ. ಒಬ್ಬ ವಾರಸುದಾರರ ಹೆಸರು ಬಿಟ್ಟುಹೋದರೂ ಪರಿಹಾರದ ಹಣ ನಿಮ್ಮ ಖಾತೆಗೆ ಬರುವುದಿಲ್ಲ. ಅದು ಭೂಸ್ವಾಧೀನದ ವ್ಯಾಜ್ಯ ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ, ಬಿಡಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ.

ಆಮೇಲೆ ಜಂಟಿ ಸರ್ವೆಗೆ ಅರ್ಜಿ. ಜಿಲ್ಲಾಧಿಕಾರಿಗಳಿಗೆ ಬರೆದು, ಅಭಯಾರಣ್ಯದ ವಿಭಾಗೀಯ ಅರಣ್ಯಾಧಿಕಾರಿಗಳಿಗೆ ಪ್ರತಿ ಕೊಡಿ, ಎರಡಕ್ಕೂ ಸ್ವೀಕೃತಿ ಪಡೆಯಿರಿ. ಕಂದಾಯ, ಅರಣ್ಯ, ಜಲಸಂಪನ್ಮೂಲ ಮೂರೂ ಇಲಾಖೆಯವರು ಸೇರಿ ಅಳೆಯಬೇಕು. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಏರಿಯ ನೆತ್ತಿ ಸಹಜ ನೆಲಕ್ಕಿಂತ ಎತ್ತರ, ಹೊಂಡದ ತಳ ಸಹಜ ನೆಲಕ್ಕಿಂತ ತಗ್ಗು. ಸರ್ವೆಯವರು ಕೋಲನ್ನು ಎಲ್ಲಿ ನಿಲ್ಲಿಸಿದರು ಎಂಬುದರ ಮೇಲೆ ಜಮೀನು ಕಾಂಟೂರಿನ ಒಳಗೋ ಹೊರಗೋ ಎಂದು ಬದಲಾಗುತ್ತದೆ. ಅಗೆಯದೆ ಉಳಿದ ನೆಲ, ಉದಾಹರಣೆಗೆ ಪಕ್ಕದ ಹಳೆಯ ಬಂಡಿದಾರಿ ಅಥವಾ ಗದ್ದೆ, ಅದರ ಮಟ್ಟವನ್ನೂ ವರದಿಯಲ್ಲಿ ಬರೆಸಿ. ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಇರಲಿ, ಪಂಚನಾಮೆಯ ಪ್ರತಿ ನಿಮ್ಮ ಕೈಯಲ್ಲಿರಲಿ.

ಹಣದ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯಂತೆ. ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ 1ರಿಂದ 2ರ ನಡುವೆ ರಾಜ್ಯ ಗೊತ್ತುಮಾಡಿದ ಗುಣಕದಿಂದ ಗುಣಿಸಿ, ಮೇಲಿನ ಗಿಡಮರ, ಕಟ್ಟಡಗಳ ಬೆಲೆ ಸೇರಿಸಿ, ಬಂದ ಮೊತ್ತಕ್ಕೆ ಶೇ. 100 ಸೊಲೇಷಿಯಂ, ಎಂದರೆ ಜಮೀನು ಕಳೆದುಕೊಂಡದ್ದಕ್ಕೆ ಕೊಡುವ ಹೆಚ್ಚುವರಿ ಪರಿಹಾರ, ಕೂಡಿಸಬೇಕು. ಎಕರೆಗೆ 10 ಲಕ್ಷ ಬೆಲೆ, ಗುಣಕ 1.25 ಎಂದು ಹಿಡಿದರೆ 12.5 ಲಕ್ಷ, ಸೊಲೇಷಿಯಂ ಸೇರಿ ಎಕರೆಗೆ 25 ಲಕ್ಷ. ಇದು ಲೆಕ್ಕದ ರೀತಿ ತೋರಿಸಲು ಹೇಳಿದ್ದೇ ಹೊರತು ನಿಮ್ಮ ಊರಿನ ದರವಲ್ಲ. ಎಡವುವುದು ಆ ಮೊದಲ ಅಂಕಿಯಲ್ಲೇ. ಅಭಯಾರಣ್ಯದ ಒಳಗೆ ನೋಂದಣಿಯಾದ ಕ್ರಯಪತ್ರಗಳು ಕಡಿಮೆ, ಇದ್ದರೂ ಬೆಲೆ ಕಡಿಮೆ ತೋರಿಸಿರುತ್ತಾರೆ. ಹತ್ತಿರದ ಊರಿನ ಅದೇ ಬಗೆಯ ಜಮೀನಿನ ಹಿಂದಿನ ಮೂರು ವರ್ಷದ ಕ್ರಯಪತ್ರಗಳಲ್ಲಿ ಮೇಲಿನ ಅರ್ಧದ ಸರಾಸರಿ ತೆಗೆದುಕೊಳ್ಳಲು ಕಾಯ್ದೆಯಲ್ಲೇ ಅವಕಾಶವಿದೆ. ಆ ಪತ್ರಗಳ ನಕಲನ್ನು ನೀವೇ ತೆಗೆಸಿ ಅರ್ಜಿಗೆ ಲಗತ್ತಿಸಿ. ಹೊಂಡದ ವರಮಾನ ತೋರಿಸಿ ಹೆಚ್ಚು ಬೆಲೆ ಕೇಳಬೇಡಿ, ಅಭಯಾರಣ್ಯದಲ್ಲಿ ಹೊಂಡವೇ ತಕರಾರಿನ ವಸ್ತು. ಕೃಷಿ ಜಮೀನು ಎಂದೇ ವಾದಿಸಿ. ತೆಂಗಿನ ಮರ, ಮೋಟಾರ್ ಮನೆ, ಕಾವಲಿನ ಮನೆ ಇವನ್ನು ಬೇರೆಯಾಗಿ ಪಟ್ಟಿ ಮಾಡಿಸಿ.

ಮೊತ್ತ ಒಪ್ಪಿಗೆಯಾಗದಿದ್ದರೆ ‘ಆಕ್ಷೇಪದೊಂದಿಗೆ ಪಡೆದಿದ್ದೇನೆ’ ಎಂದು ಬರೆದೇ ಸಹಿ ಹಾಕಿ. ಐತೀರ್ಪಿನ (ಪರಿಹಾರದ ಮೊತ್ತ ಗೊತ್ತುಮಾಡುವ ಆದೇಶದ) ದಿನ ನೀವು ಅಥವಾ ನಿಮ್ಮ ಪ್ರತಿನಿಧಿ ಹಾಜರಿದ್ದರೆ ಆರು ವಾರದೊಳಗೆ ಪ್ರಾಧಿಕಾರಕ್ಕೆ ಒಪ್ಪಿಸುವಂತೆ ಅರ್ಜಿ ಕೊಡಬೇಕು. ಗಂಗಾವತಿಯಲ್ಲಿ ಕೂತವರಿಗೆ ಆರು ವಾರ ಬೇಗ ಕಳೆದುಹೋಗುತ್ತದೆ. ಈ ಕಾಯ್ದೆಯಡಿ ಬಂದ ಪರಿಹಾರಕ್ಕೆ 96ನೇ ಕಲಂನಂತೆ ಆದಾಯ ತೆರಿಗೆ ಇಲ್ಲ. ಬ್ಯಾಂಕಿನವರು ಏನೇ ಹೇಳಲಿ, ಐತೀರ್ಪಿನ ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ ನಮ್ಮ ಮನಸ್ಸಿಗೆ ಬಹಳ ಹತ್ತಿರದ್ದು. ಹೊಂಡದ ಏರಿಯ ಮೇಲೆ ಗುಡಿಸಲು ಹಾಕಿಕೊಂಡು ಕಾವಲಿಗಿರುವ ಕುಟುಂಬ, ದಿನಾ ದೋಣಿಯಲ್ಲಿ ಹೋಗಿ ತೌಡಿನ ಚೀಲ ಕಟ್ಟುವವರು, ಬಲೆ ಎಳೆಯುವ ಗುಂಪು, ಇವರು ಯಾವ ಕಾಗದದಲ್ಲೂ ಇರುವುದಿಲ್ಲ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಅದೇ ಜಮೀನಿನ ಕೆಲಸವೇ ಮುಖ್ಯ ಜೀವನಾಧಾರವಾಗಿದ್ದರೆ ಅಂಥವರೂ 2013ರ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ವೇ. ನಿಮ್ಮ ಅರ್ಜಿಯಲ್ಲಿ ಅವರ ಹೆಸರು, ಎಷ್ಟು ವರ್ಷದಿಂದ ಇದ್ದಾರೆ ಎಂಬುದನ್ನು ಬರೆದು, ಮಾಲೀಕರಾಗಿ ನೀವೇ ದೃಢೀಕರಿಸಿ. ಇದಕ್ಕೆ ನಿಮಗೆ ಒಂದು ರೂಪಾಯಿ ಖರ್ಚಿಲ್ಲ. ಅವರ ಪಾಲಿಗೆ ಅದೊಂದೇ ದಾಖಲೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಏರಿ ಒಡೆದರೆ ಸಾಕೇ?

ಸಾಲದು. 2006ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ‘ಆಪರೇಷನ್ ಕೊಲ್ಲೇರು’ ನಡೆದಾಗ ಸಾವಿರಾರು ಎಕರೆ ಹೊಂಡಗಳ ಏರಿ ಕೆಲವೇ ತಿಂಗಳಲ್ಲಿ ಒಡೆಯಲಾಯಿತು. ಅದರಲ್ಲಿ ಎಷ್ಟೋ ಹೊಂಡಗಳು ಮತ್ತೆ ಹೊಂಡಗಳಾದವು. ಯಾಕೆ ಎಂಬುದು ನಿಮ್ಮ 12 ಎಕರೆಯ ಲೆಕ್ಕದಲ್ಲೇ ಕಾಣುತ್ತದೆ. ಚೌಕಾಕಾರದ 12 ಎಕರೆ ಎಂದರೆ ಒಂದು ಬದಿ ಸುಮಾರು 220 ಮೀಟರ್, ಸುತ್ತಳತೆ 880 ಮೀಟರ್. ಏರಿಯ ನೆತ್ತಿ 3 ಮೀಟರ್, ಬುಡ 13 ಮೀಟರ್, ಎತ್ತರ ಎರಡೂವರೆ ಮೀಟರ್ ಎಂದಿಟ್ಟುಕೊಳ್ಳಿ. ಪ್ರತಿ ಮೀಟರ್ ಉದ್ದಕ್ಕೆ 20 ಘನಮೀಟರ್ ಮಣ್ಣು. ಒಟ್ಟು 17,600 ಘನಮೀಟರ್. ನಾಲ್ಕು ಕಡೆ ಹತ್ತು ಹತ್ತು ಮೀಟರ್ ಕಂಡಿ ಕೊರೆದರೆ ತೆಗೆಯುವುದು 800 ಘನಮೀಟರ್ ಮಾತ್ರ. ಹಸಿ ಜೇಡಿಮಣ್ಣಿನಲ್ಲಿ ಹಿಟಾಚಿ ಗಂಟೆಗೆ ಸುಮಾರು 80 ಘನಮೀಟರ್ ತೆಗೆದರೆ ಅದು ಒಂದು ದಿನದ ಕೆಲಸ. ಫೋಟೋ ತೆಗೆದು ‘ಹೊಂಡ ತೆರವಾಯಿತು’ ಎಂದು ಬರೆಯಬಹುದು. ಆದರೆ ಅಂಥ ಒಂದು ಕಂಡಿಯನ್ನು ಮುಚ್ಚಲು ಬೇಕಾದದ್ದು 200 ಘನಮೀಟರ್ ಮಣ್ಣು, ಎರಡೂವರೆ ಗಂಟೆ. ಒಂದು ರಾತ್ರಿ ಸಾಕು. ಉಳಿದ 840 ಮೀಟರ್ ಏರಿ ನಿಂತೇ ಇರುತ್ತದಲ್ಲ!

ಪೂರ್ತಿ ಏರಿ ಇಳಿಸಲು 220 ಗಂಟೆ ಬೇಕು, ದಿನಕ್ಕೆ ಹತ್ತು ಗಂಟೆಯಂತೆ ಒಂದು ಯಂತ್ರಕ್ಕೆ 22 ದಿನ. ಆ ಮಣ್ಣು ಬಂದದ್ದು ಹೊಂಡದ ಒಳಗಿನಿಂದಲೇ. 17,600 ಘನಮೀಟರನ್ನು 12 ಎಕರೆಗೆ ಹರಡಿದರೆ ಸುಮಾರು 36 ಸೆಂಟಿಮೀಟರ್ ಆಗುತ್ತದೆ. ಎಂದರೆ ಸರೋವರದ ತಳವನ್ನು ಸರಾಸರಿ ಒಂದು ಅಡಿಗೂ ಹೆಚ್ಚು ಅಗೆದು ಗೋಡೆ ಕಟ್ಟಿದ್ದಾರೆ. ಅದನ್ನು ತಿರುಗಿ ಅಲ್ಲಿಗೇ ಹಾಕಿದಾಗ ಮಾತ್ರ ಆ ಜಾಗ ಮತ್ತೆ ಸರೋವರದ ತಳ. ‘ಮಣ್ಣು ನಾವೇ ಒಯ್ಯುತ್ತೇವೆ, ನಿಮಗೆ ಖರ್ಚಿಲ್ಲ’ ಎಂದು ರಸ್ತೆ ಗುತ್ತಿಗೆದಾರರು, ಇಟ್ಟಿಗೆ ಭಟ್ಟಿಯವರು ಬರುತ್ತಾರೆ. ಒಪ್ಪಬೇಡಿ. ಅಭಯಾರಣ್ಯದ ಮಣ್ಣು ಹೊರಗೆ ಸಾಗಿಸಿದರೆ ಪ್ರಕರಣ ನಿಮ್ಮ ಮೇಲೆ ಬೀಳುತ್ತದೆ, ಅತ್ತ ಹೊಂಡದ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ಏರಿ ಇಳಿಸುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅಭಯಾರಣ್ಯದಲ್ಲಿ ನೀರಿನ ಹರಿವು ಬದಲಿಸುವ ಯಾವ ಕೆಲಸವೂ 29ನೇ ಕಲಂ ಅಡಿ ಬರುತ್ತದೆ. ಸ್ವಾಧೀನವಾದ ಮೇಲೆ ಈ ಕೆಲಸ ಇಲಾಖೆಯದ್ದೇ. ಆದರೆ ‘ಏರಿಯನ್ನು ಪೂರ್ತಿ ಇಳಿಸಿ ಮಣ್ಣನ್ನು ಒಳಗೇ ಹರಡಬೇಕು’ ಎಂಬ ಮಾತನ್ನು ಹಸ್ತಾಂತರ ಪತ್ರದಲ್ಲಿ ನೀವು ಬರೆಸಬಹುದು, ಬರೆಸಲೇಬೇಕು.

ಕೆಲಸದ ಕ್ರಮ ಋತುವಿಗೆ ಹೊಂದಬೇಕು. ಲೀಸ್ ಫೆಬ್ರುವರಿಗೆ ಮುಗಿಯುವುದು ಅನುಕೂಲವೇ ಆಯಿತು. ಆಗ ಮೀನು ಹಿಡಿಸಿ, ಮಾರ್ಚಿನಲ್ಲಿ ನೀರು ಇಳಿಸಿ, ಏಪ್ರಿಲ್ ಮತ್ತು ಮೇ ಮೊದಲ ವಾರದವರೆಗೆ ಒಣಗಿಸಿ, ಮೇ ತಿಂಗಳಲ್ಲೇ ಏರಿ ಇಳಿಸಿ, ಜೂನ್ ಮಳೆಗೆ ಮುಂಚೆ ಮುಗಿಸಬೇಕು. ಮಳೆ ಶುರುವಾದ ಮೇಲೆ ಆ ಜೇಡಿಯಲ್ಲಿ ಹಿಟಾಚಿ ಹೂತುಹೋಗುತ್ತದೆ.

ಮೀನು ಹಿಡಿಯುವಾಗ ರೋಹು, ಕಾಟ್ಲಾ ಬಲೆಗೆ ಸುಲಭವಾಗಿ ಬರುತ್ತವೆ. ಕೆಲವು ಉಳಿದು ಸರೋವರ ಸೇರಿದರೂ ನಮ್ಮ ದೇಶದ ಹೊಳೆಗಳದ್ದೇ ಜಾತಿಗಳು, ಹೆಚ್ಚು ಚಿಂತೆಯಿಲ್ಲ. ಚಿಂತೆ ಇರುವುದು ರೂಪಚಂದ್, ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್ ಈ ಮೂರು ಹೊರದೇಶದ ಮೀನುಗಳದ್ದು. ಕೊನೆಯದು ದೇಶದಲ್ಲಿ ನಿಷೇಧಿತ. ಆದರೂ ಕದ್ದುಮುಚ್ಚಿ ಸಾಕುವವರಿದ್ದಾರೆ. ಅದು ನೀರು ಬತ್ತಿದ ಕೆಸರಿನಲ್ಲೂ ಕೆಲಕಾಲ ಬದುಕುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಪಕ್ಕದ ನೀರಿಗೆ ಹೋಗುತ್ತದೆ. ಬಲೆ ಎಳೆದ ಮೇಲೆ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ ನೀರು ಬಿಡಿ. ಏರಿಯ ಬುಡದ ಕಾಲುವೆಯಂಥ ಗುಂಡಿಗಳಲ್ಲಿ ನಿಂತ ನೀರನ್ನು ಪಂಪಿನಿಂದ ಖಾಲಿ ಮಾಡಿ ಕೈಯಿಂದ ಹಿಡಿಸಿ. ಬ್ಲೀಚಿಂಗ್ ಪುಡಿ ಹಾಕುವುದು ಬೇಡ. ಕಪ್ಪೆ, ಬಸವನಹುಳು, ಕೊರವ ಮೀನಿನ ಮರಿ ಎಲ್ಲವೂ ಸಾಯುತ್ತವೆ. ಹಕ್ಕಿಗಳು ಬರುವುದೇ ಅವಕ್ಕಾಗಿ.

ನೀರನ್ನೂ ಒಂದೇ ಏಟಿಗೆ ಬಿಡಬೇಡಿ. ಮೇಲಿನ ನೀರು ತಕ್ಕಮಟ್ಟಿಗೆ ತಿಳಿಯಾಗಿರುತ್ತದೆ, ಅದನ್ನು ಮೊದಲು ತೂಬಿನಿಂದ ಇಳಿಸಿ. ಕೊನೆಯ ಒಂದಡಿ ನೀರಿನಲ್ಲಿ ರಾಡಿ ಕಲಕಿರುತ್ತದೆ. ಅದನ್ನು ವಾರ ಹತ್ತು ದಿನ ನಿಲ್ಲಿಸಿ ತಿಳಿಯಾಗಲು ಬಿಡಿ, ಸಾಧ್ಯವಿದ್ದರೆ ಹೊರಗಿನ ಗದ್ದೆಗೆ ಹಾಯಿಸಿ, ಇಲ್ಲದಿದ್ದರೆ ಬಿಸಿಲಿಗೆ ಇಂಗಲು ಬಿಡಿ.

ತಳದ ಕಪ್ಪು ಕೆಸರನ್ನು ಎಲ್ಲರೂ ಮರೆಯುತ್ತಾರೆ. ಕೊಲ್ಲೇರಿನ ಹೊಂಡಗಳಲ್ಲಿ ಎಣ್ಣೆ ತೆಗೆದ ಅಕ್ಕಿ ತೌಡು, ಶೇಂಗಾ ಹಿಂಡಿಯನ್ನು ತೂತು ಮಾಡಿದ ಚೀಲಗಳಲ್ಲಿ ತುಂಬಿ ಗಳುಗಳಿಗೆ ಕಟ್ಟಿ ತಿನ್ನಿಸುವುದು ವಾಡಿಕೆ. ಒಂದು ಬೆಳೆಗೆ ಎಕರೆಗೆ 3 ಟನ್ ಮೀನು, ಕಿಲೋ ಮೀನಿಗೆ 3 ಕಿಲೋ ತೀನಿ ಎಂದು ಲೆಕ್ಕ ಹಾಕಿದರೆ 12 ಎಕರೆಗೆ 36 ಟನ್ ಮೀನು, 108 ಟನ್ ತೀನಿ. ತೌಡಿನಲ್ಲಿ ರಂಜಕ ಜಾಸ್ತಿ, ನೂರಕ್ಕೆ ಒಂದು ಪಾಲಿಗೂ ಮೇಲೆ. ಮೀನಿನ ಮೈಯಲ್ಲಿ ಅರ್ಧ ಪಾಲೂ ಇರುವುದಿಲ್ಲ. ಹಾಗಾಗಿ ಒಳಗೆ ಹೋದದ್ದು ಒಂದು ಟನ್ನಿಗಿಂತ ಹೆಚ್ಚು ರಂಜಕ, ಮೀನಿನ ಜೊತೆ ಹೊರಬಂದದ್ದು ಇನ್ನೂರು ಕಿಲೋ ಒಳಗೆ. ಉಳಿದದ್ದರಲ್ಲಿ ಬಹುಪಾಲು ತಳದ ಕೆಸರಿನಲ್ಲಿ ಕೂತಿದೆ, ಅದೂ ವರ್ಷ ವರ್ಷ. ಅದರ ಮೇಲೆ ಕೋಳಿಗೊಬ್ಬರ ಬೇರೆ. ಆ ಕೆಸರನ್ನು ಹಾಗೇ ಬಿಟ್ಟು ಸರೋವರಕ್ಕೆ ಕಂಡಿ ತೆರೆದರೆ ಮೊದಲ ಮಳೆಗೇ ನೇರಳೆ ಹೂವಿನ ಅಂತರಗಂಗೆ ಆ ದಡದಿಂದ ಈ ದಡಕ್ಕೆ ಮುಚ್ಚುತ್ತದೆ. ಅನುಕೂಲವಿದ್ದರೆ ಎರಡು ವಾರದಲ್ಲಿ ಇಮ್ಮಡಿಯಾಗುವ ಕಳೆ ಅದು. ಅದರ ಅಡಿಯ ನೀರಿಗೆ ಬೆಳಕಿಲ್ಲ, ಉಸಿರಿಲ್ಲ. ಹೆಜ್ಜಾರ್ಲೆ ಇಳಿಯಲು ಜಾಗವೂ ಇಲ್ಲ.

ಆದ್ದರಿಂದ ಒಣಗಿಸುವ ಕೆಲಸದಲ್ಲಿ ಆತುರ ಬೇಡ. ತಳ ಬಿರುಕು ಬಿಟ್ಟು, ಬಿರುಕಿನಲ್ಲಿ ಅಂಗೈ ಅಡ್ಡಲಾಗಿ ಇಳಿಯುವಷ್ಟು ಆಳವಾಗುವವರೆಗೆ, ಸಾಮಾನ್ಯವಾಗಿ 30ರಿಂದ 45 ದಿನ ಬಿಡಿ. ಒಂದು ಪಿವಿಸಿ ಪೈಪನ್ನು ಹತ್ತು ಕಡೆ ಚುಚ್ಚಿ ಎತ್ತಿ ನೋಡಿ. ಮೇಲೆ ಕಪ್ಪಗೆ ಜಿಡ್ಡಿನಂಥ ಪದರ, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ; ಕೆಳಗೆ ಬೂದು ಬಣ್ಣದ ಗಟ್ಟಿ ಜೇಡಿ. ಆ ಬೂದು ಜೇಡಿಯೇ ನಿಜವಾದ ಕೊಲ್ಲೇರಿನ ತಳ. ಕಪ್ಪು ಪದರ ಒಂದು ಗೇಣಿಗಿಂತ ಕಡಿಮೆಯಿದ್ದರೆ ಒಣಗಿಸಿ ಮೇಲೆ ಏರಿಯ ಮಣ್ಣು ಹರಡಿದರೆ ಸಾಕು, ಮುಚ್ಚಿಹೋಗುತ್ತದೆ. ಅದಕ್ಕಿಂತ ದಪ್ಪವಿದ್ದರೆ ಕೆರೆದು ಏರಿಬುಡದ ಆಳದ ಗುಂಡಿಗಳಿಗೆ ತಳ್ಳಿ, ಮೇಲೆ ಏರಿಯ ಮಣ್ಣು ಹಾಕಿಸಿ. ಮೀನು ಸಾಕುವವರ ಅಭ್ಯಾಸದಂತೆ ಕೊನೆಗೆ ಸುಣ್ಣ ಎರಚುವುದು ಬೇಡ.

ತಳ ಒಣಗಿದಾಗ ಅಲ್ಲಿ ಟಿಟ್ಟಿಭ, ಮೆಟ್ಟುಗಾಲು ಹಕ್ಕಿ ಮೊಟ್ಟೆ ಇಡುತ್ತವೆ. ಗೂಡು ಎನ್ನುವಂಥದ್ದು ಏನೂ ಇರುವುದಿಲ್ಲ. ಬಿರುಕುಬಿಟ್ಟ ಮಣ್ಣಿನ ಒಂದು ಸಣ್ಣ ಕುಳಿ, ಅದರಲ್ಲಿ ಮಣ್ಣಿನದೇ ಬಣ್ಣದ, ಕಪ್ಪು ಮಚ್ಚೆಯ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖವಾಗಿ ಸೇರಿಸಿಟ್ಟಂತೆ. ಎರಡು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಯಂತ್ರ ಇಳಿಸುವ ಹಿಂದಿನ ಸಂಜೆ ನಾಲ್ಕೈದು ಜನ ಹತ್ತು ಹೆಜ್ಜೆಗೆ ಒಬ್ಬರಂತೆ ಸಾಲಾಗಿ ನಡೆದು ನೋಡಿ, ಮೊಟ್ಟೆ ಕಂಡಲ್ಲಿ ಕೋಲು ನೆಟ್ಟು ಸುತ್ತಲಿನ ಜಾಗ ಬಿಡಿ. ಮರಿ ಹೊರಬರಲು ನಾಲ್ಕು ವಾರ ಸಾಕು, ಅಲ್ಲಿನ ಕೆಲಸ ಕೊನೆಗೆ ಮಾಡಿದರಾಯಿತು. ಏರಿಯ ಮರಗಳ ಮೇಲೆ ಹೆಜ್ಜಾರ್ಲೆ ಅಥವಾ ಬಣ್ಣದ ಕೊಕ್ಕರೆಯ ಗೂಡಿದ್ದರೆ ಆ ತುಂಡು ಏರಿಯನ್ನು ದ್ವೀಪದಂತೆ ಉಳಿಸಲು ಇಲಾಖೆಯವರಿಗೆ ಹೇಳಿ. ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯ ಹುಣಸೆ ಮರಗಳನ್ನು ಇವೇ ಹಕ್ಕಿಗಳಿಗಾಗಿ ಕಾಪಾಡಿದ ಜನರನ್ನು ನೀವು ಬಲ್ಲಿರಿ.

ಏರಿ ಇಳಿಸುವಾಗ ಎಲ್ಲ ಬದಿಯೂ ಒಂದೇ ಅಲ್ಲ. ಪ್ರವಾಹದ ನೀರು ಉಪ್ಪುಟೇರಿನ ಕಡೆ ಹರಿಯುವ ದಿಕ್ಕಿಗೆ ಅಡ್ಡ ನಿಂತ ಎರಡು ಏರಿಗಳೇ ಮೊದಲು ಹೋಗಬೇಕು. ಹರಿವಿಗೆ ಸಮಾನಾಂತರವಾದವು ಮುಂದಿನ ವರ್ಷಕ್ಕೆ ಉಳಿದರೂ ತೊಂದರೆ ಕಡಿಮೆ. ನೆಲದ ಮಟ್ಟ ಅಂಗೈಯಂತೆ ನುಣುಪಾಗುವುದು ಬೇಡ. ಗೇಣು ನೀರಿನಲ್ಲಿ ಕೊಕ್ಕರೆ, ಉಲ್ಲಂಕಿ ಮೇಯುತ್ತವೆ. ಮೊಣಕಾಲಿನಷ್ಟು ನೀರಿನಲ್ಲಿ ಬಾತುಗಳು. ಅದಕ್ಕಿಂತ ಆಳದಲ್ಲಿ ಹೆಜ್ಜಾರ್ಲೆ. ನೂರಕ್ಕೆ ಐದು ಹತ್ತು ಪಾಲು ಜಾಗದಲ್ಲಿ ಮೀಟರ್ ಆಳದ ತಗ್ಗು ಉಳಿಸಿದರೆ ಬೇಸಿಗೆಯಲ್ಲಿ ಕೊರವ ಮೀನು ಅಲ್ಲಿ ಜೀವ ಹಿಡಿದುಕೊಳ್ಳುತ್ತದೆ. ದಾರಿಯಿಂದ ದೂರ ಇರಲಿ ಆ ತಗ್ಗು.

ನಿಮ್ಮ ಹೊಂಡ ಒಂದೇ ಬಿಟ್ಟರೆ ಪ್ರಯೋಜನ ಅಷ್ಟಕ್ಕಷ್ಟೇ ಎಂಬುದನ್ನೂ ಹೇಳಲೇಬೇಕು. ನಾಲ್ಕೂ ಕಡೆ ಹೊಂಡಗಳಿದ್ದರೆ ಏರಿಗಳು ಜಂಟಿ. ಪಕ್ಕದವರ ಒಪ್ಪಿಗೆಯಿಲ್ಲದೆ ಅವನ್ನು ಮುಟ್ಟುವಂತಿಲ್ಲ, ಮುಟ್ಟದಿದ್ದರೆ ನಿಮ್ಮ 12 ಎಕರೆಗೆ ಸರೋವರದ ನೀರೇ ಬರುವುದಿಲ್ಲ. ಮಳೆನೀರು ನಿಂತು ಕೊಳೆಯುವ ತೊಟ್ಟಿಯಾಗುತ್ತದೆ. ಅಂಥ ಜಾಗವನ್ನೇ ಮತ್ತೆ ಯಾರೋ ಒಬ್ಬರು ಮೀನಿಗೆ ಹಿಡಿದುಕೊಳ್ಳುವುದು. ಹರಿವಿನ ದಾರಿಯಲ್ಲಿ ಒಂದರ ಹಿಂದೆ ಒಂದಿರುವ ನಾಲ್ಕೈದು ಹೊಂಡದ ಮಾಲೀಕರು ಒಟ್ಟಿಗೆ ಅರ್ಜಿ ಕೊಟ್ಟರೆ ಪರಿಹಾರದ ಮಾತೂ ಗಟ್ಟಿ, ಕೆಲಸವೂ ಗಟ್ಟಿ. ಮಾವ ಅಲ್ಲೇ ಇರುವವರಾದರೆ ಈ ಮಾತುಕತೆಯನ್ನು ಅವರೇ ಶುರುಮಾಡಲಿ.

ಜಮೀನು ಪೂರ್ತಿ ಕೊಡದೆ ಮಧ್ಯದ ದಾರಿ ಇಲ್ಲವೇ ಎಂದು ಮಾವ ಕೇಳಬಹುದು. ಅಮೆರಿಕದ ಮಿಸಿಸಿಪ್ಪಿ ಬಯಲಿನಲ್ಲಿ ಒಡೆತನ ರೈತರಲ್ಲೇ ಉಳಿದು, ಜೌಗು ಮಾಡಿದ್ದಕ್ಕೆ ಕೃಷಿ ಇಲಾಖೆ ಹಣ ಕೊಟ್ಟು ಶಾಶ್ವತ ಕರಾರು ಬರೆಸಿಕೊಳ್ಳುತ್ತದೆ. ಹಾಂಗ್‌ಕಾಂಗಿನ ಮೈ ಪೋ ಸುತ್ತಲಿನ ಮೀನುಗಾರರು ಹೊಂಡವನ್ನು ಹೊಂಡವಾಗಿಯೇ ಇಟ್ಟುಕೊಂಡು, ಮೀನು ಹಿಡಿದ ಮೇಲೆ ಕೆಲವು ದಿನ ನೀರು ತಗ್ಗಿಸಿ ಚಿಲ್ಲರೆ ಮೀನನ್ನು ಹಕ್ಕಿಗಳಿಗೆ ಬಿಡುತ್ತಾರೆ. ಅದಕ್ಕೆ ಸಂರಕ್ಷಣಾ ಸಂಸ್ಥೆಗಳ ಮೂಲಕ ಹಣ ಬರುತ್ತದೆ. ಐದನೇ ಕಾಂಟೂರಿನ ಒಳಗೆ ನಿಮಗೆ ಈ ದಾರಿಗಳಿಲ್ಲ. ಐದರಿಂದ ಹತ್ತರ ನಡುವೆ ನಿಮ್ಮವರದ್ದು ಬೇರೆ ಹೊಂಡ ಇದ್ದರೆ ಹಾಂಗ್‌ಕಾಂಗಿನ ಪದ್ಧತಿಯನ್ನು ಸ್ವಂತ ಇಚ್ಛೆಯಿಂದ ಅಲ್ಲಿ ಮಾಡಬಹುದು: ಮೀನು ಹಿಡಿದ ಮೇಲೆ ಗೇಣು ನೀರು ಉಳಿಸಿ ಒಂದು ವಾರ ಸುಮ್ಮನೆ ಬಿಡುವುದು. ಖರ್ಚೇನೂ ಇಲ್ಲ.

ಏರಿ ಹೋದ ಮೇಲೆ ಎರಡು ಮಳೆಗಾಲದ ಕಾವಲು ಬೇಕು. ಕಮಲ, ನೈದಿಲೆ, ಜೊಂಡು ಯಾವುದನ್ನೂ ನೆಡಬೇಕಾಗಿಲ್ಲ, ಬೀಜ ಬೂದು ಜೇಡಿಯಲ್ಲೂ ಪ್ರವಾಹದ ನೀರಿನಲ್ಲೂ ಇರುತ್ತದೆ. ಅಂತರಗಂಗೆಯನ್ನು ಮಾತ್ರ ಆಗಸ್ಟ್ ಸೆಪ್ಟೆಂಬರಿನಲ್ಲಿ, ಅಲ್ಲೊಂದು ಇಲ್ಲೊಂದು ಇರುವಾಗಲೇ, ಕೈಯಿಂದ ಕೀಳಿಸಿ ನೀರಿನಿಂದ ದೂರ ಒಟ್ಟಬೇಕು. ಈ ಕೂಲಿ ಕೆಲಸ ಹೊಂಡದಲ್ಲಿ ದುಡಿದವರಿಗೇ ಸಿಗಲಿ ಎಂದು ಅರ್ಜಿಯಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಊರಿನ ಎಮ್ಮೆ ಮೇಯುವುದನ್ನು ತಡೆಯಬೇಕೆಂದು ಯಾರಾದರೂ ಹೇಳಿದರೆ ಭರತಪುರದ ಕೇವಲಾದೇವದ ಅನುಭವ ನೆನಪಿಸಿ. ಅಲ್ಲಿ 1982ರಲ್ಲಿ ಎಮ್ಮೆ ದನ ನಿಷೇಧಿಸಿದ ಮೇಲೆ ನೀರುಹುಲ್ಲು ದಟ್ಟವಾಗಿ ಹಬ್ಬಿ ಹಕ್ಕಿಗಳಿಗೆ ತೆರೆದ ನೀರೇ ಇಲ್ಲದಂತಾಯಿತು.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು: ಮ್ಯುಟೇಶನ್ ಮತ್ತು ಜಂಟಿ ಸರ್ವೆಯ ಅರ್ಜಿ ಈ ತಿಂಗಳೇ ಹಾಕಿ. ಲೀಸುದಾರರಿಗೆ ‘ಫೆಬ್ರುವರಿಯ ನಂತರ ಮರಿ ಬಿಡುವಂತಿಲ್ಲ’ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿ. ಬಾಯಿಮಾತಿನಲ್ಲಿ ಹೇಳಿದರೆ ಅವರು ಇನ್ನೊಂದು ಬೆಳೆಗೆ ಮರಿ ತಂದು ಸುರಿದಿರುತ್ತಾರೆ, ಆಮೇಲೆ ಬೆಳೆ ನಷ್ಟದ ದಾವೆ ನಿಮ್ಮ ಮೇಲೆ ಬರುತ್ತದೆ. ಮಾರ್ಚಿನೊಳಗೆ ಸರ್ವೆ ಮುಗಿಯದಿದ್ದರೆ ಏರಿಗೆ ಕೈ ಹಾಕದೆ, ಹೊಂಡವನ್ನು ಮೀನಿಲ್ಲದೆ ಒಣಗಿಸಿ ಒಂದು ವರ್ಷ ಕಾಯಿರಿ. ಆ ಒಂದು ಬೇಸಿಗೆಯ ಬಿಸಿಲೂ ಕಪ್ಪು ಕೆಸರಿನ ಮೇಲೆ ತನ್ನ ಕೆಲಸ ಮಾಡಿರುತ್ತದೆ.